ತಪ್ಪು ಸ್ಪೆಲ್ಲಿಂಗ್ ಡೊಮೈನ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಮುಟ್ಟಬಾರದು

ದೊಡ್ಡ ಕಂಪನಿಯ ಹೆಸರಲ್ಲಿ ಒಂದಕ್ಷರ ಆಚೀಚೆ ಮಾಡಿ ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸ, ಕೊಳ್ಳುವುದು. ಅವಸರದಲ್ಲಿ ತಪ್ಪು ಟೈಪ್ ಮಾಡಿದವರೆಲ್ಲ ನಮ್ಮ ಪುಟಕ್ಕೆ ಬರುತ್ತಾರೆ. ಅಲ್ಲಿ ಜಾಹೀರಾತು ಹಾಕಿದರೆ ಕೂತಲ್ಲೇ ದುಡ್ಡು. ಈ ಐಡಿಯಾ ಬೆಂಗಳೂರಲ್ಲಿ ಯಾರಿಗಾದರೂ ಹೊಸದಾಗಿ ಹೊಳೆಯುತ್ತಲೇ ಇರುತ್ತದೆ. ಕೋರಮಂಗಲದ ಸ್ಟಾರ್ಟಪ್ ಹುಡುಗರಿಗೂ ಹೊಳೆಯುತ್ತದೆ, ಚಿಕ್ಕಪೇಟೆಯ ಅಂಗಡಿಯವರ ಮಕ್ಕಳಿಗೂ ಹೊಳೆಯುತ್ತದೆ. ಒಂದು ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಹೋದರೆ ಸಾವಿರ ತಾನೇ, ಅಂತಾರೆ.

ಸಣ್ಣ ಅಂಗಡಿ, ಹೋಟೆಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನ್ನ ಬಳಿ ಆಗಾಗ ಬರುತ್ತದೆ. ಕೇಳುವವರು ಮೂರು ನಾಲ್ಕು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡು ಕೇಳುತ್ತಾರೆ. ಬೇರೆಯವರ ಬ್ರಾಂಡಿನ ತಪ್ಪು ಸ್ಪೆಲ್ಲಿಂಗ್ ಒಂದು. ಯಾರ ಸ್ವತ್ತೂ ಅಲ್ಲದ ಸಾಮಾನ್ಯ ಪದದ ತಪ್ಪು ಸ್ಪೆಲ್ಲಿಂಗ್ ಇನ್ನೊಂದು. ನಮ್ಮದೇ ಅಂಗಡಿ ಹೆಸರಿನ ತಪ್ಪು ಸ್ಪೆಲ್ಲಿಂಗ್ ಮತ್ತೊಂದು. ಖರ್ಚು ಮೂರಕ್ಕೂ ಒಂದೇ, ಪರಿಣಾಮ ಮಾತ್ರ ಪೂರ್ತಿ ಬೇರೆ.

ಬೇರೆಯವರ ಬ್ರಾಂಡ್: ಆದಾಯ ಎಷ್ಟು ಅಂತ ಮೊದಲು ನೋಡಿ

ಕಾನೂನು ಆಮೇಲೆ ನೋಡೋಣ. ಮೊದಲು ಲೆಕ್ಕ. ನಿಮ್ಮ ಹೆಸರಿಗೆ ದಿನಕ್ಕೆ 10 ಜನ ತಪ್ಪಿ ಬರುತ್ತಾರೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 300. ನೂರಕ್ಕೆ 5 ಜನ ಜಾಹೀರಾತು ಒತ್ತಿದರೂ 15 ಕ್ಲಿಕ್. ಕ್ಲಿಕ್‌ಗೆ 5 ರೂಪಾಯಿ ಸಿಕ್ಕರೆ ತಿಂಗಳಿಗೆ 75, ವರ್ಷಕ್ಕೆ 900. ಡೊಮೈನ್ ರಿನ್ಯೂ ಮಾಡಿಸುವಷ್ಟರಲ್ಲಿ ಅದು ಮುಗಿಯಿತು.

ಆ 10 ಜನ ಬರುವುದೂ ಈಗ ಕಷ್ಟ. ಮೊಬೈಲಲ್ಲಿ ಪೂರ್ತಿ ವಿಳಾಸ ಟೈಪ್ ಮಾಡುವವರು ಯಾರು? ಎರಡಕ್ಷರ ಒತ್ತಿದರೆ ಬ್ರೌಸರ್ ಉಳಿದದ್ದನ್ನು ತಾನೇ ತುಂಬುತ್ತದೆ. ಹೆಚ್ಚಿನವರು ಗೂಗಲಲ್ಲಿ ಹುಡುಕಿ ಹೋಗುತ್ತಾರೆ, ಇಲ್ಲವೇ ಆ್ಯಪ್ ತೆರೆಯುತ್ತಾರೆ. 2019ರಿಂದ ಕ್ರೋಮ್ ಬ್ರೌಸರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹೆಸರಾಂತ ಸೈಟನ್ನು ಹೋಲುವ ವಿಳಾಸ ಕಂಡರೆ ‘ನೀವು ಹೋಗಬೇಕಾದದ್ದು ಇಲ್ಲಿಗಾ’ ಅಂತ ತಡೆದು ಕೇಳುತ್ತದೆ.

ಹಿಂದೆ ಈ ದಂಧೆಗೆ ಇನ್ನೊಂದು ಅನುಕೂಲ ಇತ್ತು. ಡೊಮೈನ್ ಕೊಂಡ 5 ದಿನದೊಳಗೆ ವಾಪಸ್ ಮಾಡಿದರೆ ಹಣ ವಾಪಸ್ ಬರುತ್ತಿತ್ತು. ಸಾವಿರಗಟ್ಟಲೆ ತಪ್ಪು ಹೆಸರು ಕೊಂಡು, ಜನ ಬರುವ ನಾಲ್ಕನ್ನು ಇಟ್ಟುಕೊಂಡು, ಉಳಿದದ್ದನ್ನು ಪುಕ್ಕಟೆ ಬಿಡುತ್ತಿದ್ದರು. ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2008ರಲ್ಲಿ ಇದಕ್ಕೆ ಶುಲ್ಕ ಹಾಕಿತು. ವರ್ಷ ಕಳೆಯುವಷ್ಟರಲ್ಲಿ ಹೀಗೆ ವಾಪಸಾಗುವ ಹೆಸರುಗಳು ಶೇ 99.7ರಷ್ಟು ಇಳಿದವು. ರುಚಿ ನೋಡಿ ಬಿಡುವ ಕಾಲ ಮುಗಿದಿದೆ. ಈಗ ಕೊಂಡರೆ ಕೊಂಡಂತೆ.

‘ಜಾಹೀರಾತು ಬೇಡ, ಅಫಿಲಿಯೇಟ್ ಲಿಂಕ್ (ಗಿರಾಕಿ ಕಳಿಸಿದ್ದಕ್ಕೆ ಕಮಿಷನ್ ಕೊಡಿಸುವ ಲಿಂಕ್) ಹಾಕಿ ಅದೇ ಕಂಪನಿಗೆ ಕಳಿಸುತ್ತೇನೆ, ಅವರಿಗೂ ಲಾಭ ಅಲ್ವಾ’ ಅನ್ನುವವರಿದ್ದಾರೆ. ಜಾಣ ಯೋಚನೆಯಂತೆ ಕಾಣುತ್ತದೆ. ಅಮೆಜಾನ್‌ನ ಅಫಿಲಿಯೇಟ್ ಒಪ್ಪಂದ ಓದಿ ನೋಡಿ. ತಮ್ಮ ಹೆಸರು, ಅದರ ತಪ್ಪು ಸ್ಪೆಲ್ಲಿಂಗ್ ಯಾವುದೂ ನಿಮ್ಮ ಡೊಮೈನಲ್ಲಿ ಇರಕೂಡದು ಅಂತ ಬರೆದಿದ್ದಾರೆ. ಸುಮ್ನೆ ಬರೆದು ಬಿಟ್ಟಿಲ್ಲ, ಎಂ ಎರಡಾದದ್ದು, ಝಡ್ ಮತ್ತು ಓ ಅದಲು ಬದಲಾದದ್ದು ಅಂತ ಉದಾಹರಣೆಯನ್ನೂ ಕೊಟ್ಟಿದ್ದಾರೆ. ತಮ್ಮದೇ ಗಿರಾಕಿಯನ್ನು ತಮಗೇ ಕಮಿಷನ್‌ಗೆ ಮಾರುವವನನ್ನು ಯಾವ ಕಂಪನಿ ಸುಮ್ಮನೆ ಬಿಡುತ್ತದೆ ಹೇಳಿ.

ಒಂದಕ್ಷರದ ಜಗಳ, ಬೆಂಗಳೂರಿನದೇ

ಭಾರತದಲ್ಲಿ ಡೊಮೈನ್ ಹೆಸರಿಗಾಗಿಯೇ ಮಾಡಿದ ಕಾನೂನು ಇಲ್ಲ. ‘ಹಾಗಾದರೆ ಭಯ ಯಾಕೆ’ ಅಂತ ಕೆಲವರು ಇಲ್ಲಿಗೇ ನಿಲ್ಲುತ್ತಾರೆ. ಅವರು ಸಿಫಿ ಪ್ರಕರಣ ಓದಬೇಕು.

ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ ಸಿಫಿ ಅನ್ನುವ ಹೆಸರು ಸೇರಿಸಿ ಕೆಲವು ಡೊಮೈನ್ ಮಾಡಿಸಿತ್ತು. ಆಮೇಲೆ ಇನ್ನೊಂದು ಸಂಸ್ಥೆ ಅದೇ ಹೆಸರಿಗೆ ಎಫ್ ಅಕ್ಷರ ಎರಡು ಹಾಕಿ ಡಾಟ್ ಕಾಮ್, ಡಾಟ್ ನೆಟ್ ಎರಡನ್ನೂ ಮಾಡಿಸಿತು. ಜಗಳ ಶುರುವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಲ್ಲಿ. ಅಲ್ಲಿ ತಡೆಯಾಜ್ಞೆ ಸಿಕ್ಕಿತು. ಕರ್ನಾಟಕ ಹೈಕೋರ್ಟಲ್ಲಿ ಅದು ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ 2004ರ ಮೇ 6ರಂದು ಮತ್ತೆ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಡೊಮೈನ್‌ಗೆ ಬೇರೆ ಕಾನೂನು ಇಲ್ಲದಿದ್ದರೇನು, ಇನ್ನೊಬ್ಬರ ಹೆಸರಿನ ಮರೆಯಲ್ಲಿ ವ್ಯಾಪಾರ ಮಾಡುವುದನ್ನು ತಡೆಯುವ ಟ್ರೇಡ್‌ಮಾರ್ಕ್ ತತ್ವ ಇದಕ್ಕೂ ಸಲ್ಲುತ್ತದೆ ಅಂತ ಸ್ಪಷ್ಟವಾಗಿ ಹೇಳಿತು. ಇಂದಿಗೂ ಇಂಥ ಯಾವ ದಾವೆ ಬಂದರೂ ವಕೀಲರು ಮೊದಲು ಎತ್ತುವುದು ಇದೇ ತೀರ್ಪನ್ನು.

ಎರಡು ಎಫ್ ಹಾಕಿದವರು ಕೋರ್ಟಿಗೆ ಏನು ಹೇಳಿದರು ಗೊತ್ತಾ? ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರ ಸೇರಿಸಿದರೆ ಆ ಹೆಸರು ಬರುತ್ತದೆ ಅಂತ. ಕೋರ್ಟ್ ಒಪ್ಪಲಿಲ್ಲ. 1999ರಲ್ಲಿ ಬಾಂಬೆ ಹೈಕೋರ್ಟಲ್ಲೂ ಇಂಥದ್ದೇ ನಡೆದಿತ್ತು. ರೆಡಿಫ್ ಹೆಸರಲ್ಲಿ ಇ ತೆಗೆದು ಎ ಹಾಕಿದವರು, ರ್‍ಯಾಡಿಕಲ್, ಇನ್ಫರ್ಮೇಷನ್, ಫ್ಯೂಚರ್, ಫ್ರೀ ಅನ್ನುವ ಪದಗಳಿಂದ ಅಕ್ಷರ ಆರಿಸಿ ಹೆಸರು ಮಾಡಿದೆವು ಅಂದರು. ಅದೂ ನಡೆಯಲಿಲ್ಲ. ಕೊಂಡ ಮೇಲೆ ಹೆಸರಿಗೆ ಕಥೆ ಹೊಲಿಯುವುದು ಹಳೇ ಚಾಳಿ. ನ್ಯಾಯಾಧೀಶರಿಗೆ ಅದು ಚೆನ್ನಾಗಿ ಗೊತ್ತು.

‘ಆದರೆ ನಂದಿನಿ ಕೇಸಲ್ಲಿ ಹೋಟೆಲ್‌ನವರೇ ಗೆದ್ದರಲ್ಲ’ ಅನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಹೌದು, ಗೆದ್ದರು. ಆದರೆ ಅದನ್ನು ಸರಿಯಾಗಿ ಓದಬೇಕು. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ನಂದಿನಿ ಹೆಸರು ಬಳಸುತ್ತಿದೆ. ಬೆಂಗಳೂರಿನ ಹೋಟೆಲ್‌ನವರು 1989ರಿಂದ, ಡಿ ಪಕ್ಕ ಒಂದು ಎಚ್ ಸೇರಿಸಿ, ಅದೇ ಹೆಸರಲ್ಲಿ ಹೋಟೆಲ್ ನಡೆಸುತ್ತಿದ್ದರು. ಸುಪ್ರೀಂ ಕೋರ್ಟ್ 2018ರ ಜುಲೈ 26ರಂದು ಹೋಟೆಲ್‌ನವರ ಪರ ತೀರ್ಪು ಕೊಟ್ಟಿತು. ಎಚ್ ಒಂದರಿಂದ ಅವರು ಗೆಲ್ಲಲಿಲ್ಲ. ವರ್ಷಗಳಿಂದ ನಿಜವಾಗಿ ಹೋಟೆಲ್ ನಡೆಸಿದ್ದರು, ಮಾರುವ ವಸ್ತು ಬೇರೆ ಇತ್ತು, ಲೋಗೋ ಬೇರೆ ಇತ್ತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಆ ಹೆಸರು ಕೇಳುವುದನ್ನೂ ಬಿಟ್ಟುಕೊಟ್ಟಿದ್ದರು.

ತಪ್ಪು ಸ್ಪೆಲ್ಲಿಂಗ್ ಡೊಮೈನ್ ಕೊಂಡು ಜಾಹೀರಾತು ಹಾಕುವವನ ಬಳಿ ಇದರಲ್ಲಿ ಯಾವುದಿದೆ? ಅವನಿಗೆ ಹೋಟೆಲ್ಲೂ ಇಲ್ಲ, ಗಿರಾಕಿಯೂ ಇಲ್ಲ. ಖಾಲಿ ಡೊಮೈನಲ್ಲಿ ಜಾಹೀರಾತು ಹಾಕಿಕೊಡುವ ‘ಪಾರ್ಕಿಂಗ್’ ಕಂಪನಿ ಆ ಪುಟಕ್ಕೆ ತಾನಾಗಿ ತುಂಬುವ ಜಾಹೀರಾತು ಸಾಮಾನ್ಯವಾಗಿ ಮೂಲ ಬ್ರಾಂಡಿನ ವ್ಯಾಪಾರಕ್ಕೇ ಸಂಬಂಧಿಸಿದ್ದು. ‘ಜಾಹೀರಾತು ನಾನು ಆರಿಸಿದ್ದಲ್ಲ, ತಾನಾಗಿ ಬಂತು’ ಅಂದರೆ ಕೇಳುವುದಿಲ್ಲ. ಪುಟದಲ್ಲಿ ಏನು ಕಾಣುತ್ತದೋ ಅದಕ್ಕೆ ಡೊಮೈನ್ ಮಾಲೀಕನೇ ಹೊಣೆ ಅನ್ನುವುದು ಡೊಮೈನ್ ಜಗಳ ತೀರ್ಮಾನಿಸುವ ಪಂಚಾಯ್ತಿಗಳಲ್ಲಿ ಗಟ್ಟಿಯಾಗಿ ಕೂತಿರುವ ಮಾತು.

ಯಾವ ಬಾಗಿಲಿಂದ ನೋಟಿಸ್ ಬರುತ್ತದೆ

ಡಾಟ್ ಕಾಮ್ ಹೆಸರಾದರೆ ಹೆಚ್ಚಾಗಿ ಯುಡಿಆರ್‌ಪಿ. ಡೊಮೈನ್ ಜಗಳ ಬಗೆಹರಿಸಲು ಐಕ್ಯಾನ್ 1999ರಲ್ಲಿ ತಂದ ಪದ್ಧತಿ ಇದು. ಡೊಮೈನ್ ಕೊಳ್ಳುವಾಗ ಓದದೆ ಟಿಕ್ ಹಾಕುತ್ತೇವಲ್ಲ, ಆ ಒಪ್ಪಂದದಲ್ಲಿ ಇದಕ್ಕೆ ನಾವು ಒಪ್ಪಿರುತ್ತೇವೆ. ದೂರು ಕೊಟ್ಟವರು ಮೂರು ವಿಷಯ ತೋರಿಸಬೇಕು. ಹೆಸರು ತಮ್ಮ ಬ್ರಾಂಡನ್ನು ಹೋಲುತ್ತದೆ, ನಿಮಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ನೀವು ಕೆಟ್ಟ ಉದ್ದೇಶದಿಂದ ಕೊಂಡು ಬಳಸಿದ್ದೀರಿ. ಬ್ರಾಂಡಿನ ತಪ್ಪು ಸ್ಪೆಲ್ಲಿಂಗ್ ಅಂದ ಮೇಲೆ ಮೊದಲನೆಯದು ಅಲ್ಲಿಗೇ ಸಾಬೀತಾದಂತೆ. ‘ನಾನು ಏನೂ ಹಾಕಿಲ್ಲ, ಖಾಲಿ ಇಟ್ಟಿದ್ದೇನೆ’ ಅಂದರೂ ರಕ್ಷಣೆ ಇಲ್ಲ. ಸುಮ್ಮನೆ ಹಿಡಿದಿಟ್ಟುಕೊಳ್ಳುವುದೂ ಕೆಟ್ಟ ಉದ್ದೇಶ ಆಗಬಹುದು ಅಂತ 2000ದಲ್ಲೇ, ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಕಂಪನಿಯ ದೂರಿನಲ್ಲಿ ತೀರ್ಮಾನ ಆಗಿದೆ. ಈ ದೂರುಗಳನ್ನು ನಡೆಸಿಕೊಡುವ ಜಿನೀವಾದ ವೈಪೋ ಸಂಸ್ಥೆಯೊಂದಕ್ಕೇ 2023ರಲ್ಲಿ ಇಂಥ 6,192 ದೂರು ಬಂದಿವೆ. ಅಲ್ಲಿ ಸೋತರೆ ಹೋಗುವುದು ಹೆಸರು ಮಾತ್ರ, ದಂಡ ಇಲ್ಲ. ಈ ಒಂದು ಮಾತು ಹಿಡಿದುಕೊಂಡೇ ಬಹಳ ಜನ ಧೈರ್ಯ ಮಾಡುವುದು.

ಡಾಟ್ ಇನ್ ಹೆಸರಾದರೆ, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ. ನೋಡಲು ಅದೇ ಥರ ಇದೆ. ಆದರೆ ಯುಡಿಆರ್‌ಪಿಯಲ್ಲಿ ಕೆಟ್ಟ ಉದ್ದೇಶದಿಂದ ಕೊಂಡದ್ದನ್ನೂ ತೋರಿಸಬೇಕು, ಬಳಸಿದ್ದನ್ನೂ ತೋರಿಸಬೇಕು. ಇಲ್ಲಿ ಎರಡರಲ್ಲಿ ಒಂದು ತೋರಿಸಿದರೆ ಸಾಕು. ಅಂದರೆ ದೂರುದಾರರಿಗೆ ಡಾಟ್ ಇನ್ ಇನ್ನೂ ಸುಲಭ. ‘ನಮ್ಮ ದೇಶದ ಡೊಮೈನ್, ಏನೂ ಆಗಲ್ಲ’ ಅನ್ನುವವರು ಇದನ್ನು ಗಮನಿಸಿ.

ದುಡ್ಡು ಹೋಗುವುದು ಕೋರ್ಟಲ್ಲಿ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ನೋಂದಾಯಿತ ಬ್ರಾಂಡಿನ ಮಾಲೀಕರು ತಾವು ವ್ಯಾಪಾರ ಮಾಡುವ ಊರಲ್ಲೇ ದಾವೆ ಹಾಕಲು ಅವಕಾಶ ಇದೆ. ಕಂಪನಿ ದೆಹಲಿಯದಾದರೆ ರಾಜಾಜಿನಗರದಲ್ಲಿ ಕೂತಿರುವ ನೀವು ದೆಹಲಿಯಲ್ಲಿ ವಕೀಲರನ್ನು ಹಿಡಿಯಬೇಕು. ಹೆಸರು ಮುಚ್ಚಿಟ್ಟು ಡೊಮೈನ್ ಕೊಂಡಿದ್ದರೂ ದಾವೆ ನಿಲ್ಲುವುದಿಲ್ಲ. ಯಾರೆಂದು ಗೊತ್ತಿಲ್ಲದ ಪ್ರತಿವಾದಿಯನ್ನು ನಮ್ಮ ಕೋರ್ಟುಗಳು ‘ಅಶೋಕ್ ಕುಮಾರ್’ ಅಂತ ಕರೆದು ಆದೇಶ ಕೊಡುತ್ತವೆ. ಆಮೇಲೆ ಡೊಮೈನ್ ಮಾರಿದ ರಿಜಿಸ್ಟ್ರಾರ್‌ನಿಂದ ನಿಜವಾದ ಹೆಸರು ತರಿಸಿಕೊಳ್ಳುತ್ತವೆ.

ಅಮೆರಿಕದ ಕಾನೂನು ಇನ್ನೂ ಬಿರುಸು. ಅಲ್ಲಿನ 1999ರ ಕಾಯ್ದೆಯ ಪ್ರಕಾರ ಒಂದೊಂದು ಡೊಮೈನ್‌ಗೆ 1,000 ಡಾಲರ್‌ನಿಂದ 1,00,000 ಡಾಲರ್‌ವರೆಗೆ ಪರಿಹಾರ ಹಾಕಬಹುದು. ಜಾನ್ ಜುಕ್ಕಾರಿನಿ ಅನ್ನುವ ವ್ಯಕ್ತಿ ಇಂಥ ಸಾವಿರಾರು ಹೆಸರು ಇಟ್ಟುಕೊಂಡಿದ್ದ. ಎಲೆಕ್ಟ್ರಾನಿಕ್ಸ್ ಬೊಟೀಕ್ ಅನ್ನುವ ಅಂಗಡಿಯ 5 ತಪ್ಪು ಸ್ಪೆಲ್ಲಿಂಗ್‌ಗೆ 2000ದಲ್ಲಿ ಅವನ ಮೇಲೆ ಬಿದ್ದದ್ದು 5,00,000 ಡಾಲರ್. ಬೆಂಗಳೂರಿನವರ ಮೇಲೆ ಅಲ್ಲಿ ದಂಡ ಹಾಕುವುದು ಅಷ್ಟು ಸುಲಭ ಅಲ್ಲ, ನಿಜ. ಆದರೆ ಡಾಟ್ ಕಾಮ್‌ನ ಮೂಲ ದಾಖಲೆ ಇರುವುದು ವರ್ಜೀನಿಯಾದ ವೆರಿಸೈನ್ ಕಂಪನಿಯ ಬಳಿ. ಅಲ್ಲಿನ ಕೋರ್ಟ್ ನಿಮ್ಮನ್ನು ಕೇಳದೆಯೇ ಹೆಸರನ್ನು ಕಿತ್ತು ಬ್ರಾಂಡಿನ ಮಾಲೀಕರಿಗೆ ಕೊಡಬಲ್ಲದು.

ಸಂಪಾದನೆ ವರ್ಷಕ್ಕೆ 900 ರೂಪಾಯಿ, ಇನ್ನೊಂದು ಕಡೆ ಇದೆಲ್ಲ. ನಾನಂತೂ ಯಾರಿಗೂ ಇದನ್ನು ಮಾಡಿಕೊಡುವುದಿಲ್ಲ.

ಇದರಲ್ಲೇ ಇನ್ನೂ ಕೆಟ್ಟದ್ದೊಂದಿದೆ. ಬ್ಯಾಂಕು, ಕರೆಂಟ್ ಬಿಲ್, ಬಸ್ ಪಾಸ್, ಆಸ್ತಿ ತೆರಿಗೆ ಇಂಥ ಸೇವೆಗಳ ಹೆಸರಿನ ಹತ್ತಿರಕ್ಕೂ ಹೋಗಬೇಡಿ. ಅಲ್ಲಿ ಯಾರಾದರೂ ಪಾಸ್‌ವರ್ಡ್ ಹಾಕಿದರೆ, ದುಡ್ಡು ಕಟ್ಟಿದರೆ ಅದು ಟ್ರೇಡ್‌ಮಾರ್ಕ್ ಜಗಳವಾಗಿ ಉಳಿಯುವುದಿಲ್ಲ. ಐಟಿ ಕಾಯ್ದೆಯ 66ಡಿ ಕಲಂ ಬರುತ್ತದೆ, 3 ವರ್ಷದವರೆಗೆ ಜೈಲು.

ಸಾಮಾನ್ಯ ಪದದ ತಪ್ಪು ಸ್ಪೆಲ್ಲಿಂಗ್: ಭಯ ಇಲ್ಲ, ಲಾಭವೂ ಇಲ್ಲ

ಬಿಟಿಎಂ ಲೇಔಟ್, ಮಾರತ್ತಹಳ್ಳಿ ಕಡೆ ಪಿಜಿ ಬೋರ್ಡುಗಳನ್ನು ನೋಡಿ. ಅಕಾಮಡೇಷನ್ ಪದದಲ್ಲಿ ಎರಡು ಸಿ, ಎರಡು ಎಂ ಇರಬೇಕು. ಒಂದು ಎಂ ಕಾಣೆಯಾಗಿರುವುದು ಮಾಮೂಲಿ. ಆ ಒಂದೇ ಎಂ ಇರುವ ಪದಕ್ಕೆ ಬೆಂಗಳೂರು ಸೇರಿಸಿ ಡೊಮೈನ್ ಕೊಂಡರೆ? ಯಾರೂ ಕೇಳುವುದಿಲ್ಲ. ಆ ಪದವೂ ಯಾರ ಬ್ರಾಂಡಲ್ಲ, ಊರಿನ ಹೆಸರೂ ಯಾರ ಬ್ರಾಂಡಲ್ಲ.

ಊರಿನ ಹೆಸರಿನದೇ ಒಂದು ಕಥೆ. 2014ರ ನವೆಂಬರ್ 1ರಿಂದ ಇಂಗ್ಲಿಷಲ್ಲೂ ಅಧಿಕೃತವಾಗಿ ಬೆಂಗಳೂರು ಆಯಿತು. ಜನ ಇನ್ನೂ ಬ್ಯಾಂಗಲೋರ್ ಅಂತಲೇ ಹುಡುಕುತ್ತಾರೆ, ಎರಡನ್ನೂ ಕಲಸಿ ಬರೆಯುವವರೂ ಇದ್ದಾರೆ. ಪಿಜಿ, ಬಾಡಿಗೆ ಮನೆ, ಟ್ಯಾಕ್ಸಿ ವ್ಯಾಪಾರ ನಿಜವಾಗಿ ಇದ್ದರೆ ಎರಡೂ ಸ್ಪೆಲ್ಲಿಂಗ್ ಕೊಳ್ಳುವುದರಲ್ಲಿ ಅರ್ಥ ಇದೆ. ಬರೀ ಟ್ರಾಫಿಕ್‌ಗೆ ಅಂದರೆ ಬೇಡ. ಗೂಗಲ್ ತಪ್ಪು ಸ್ಪೆಲ್ಲಿಂಗನ್ನು ತಾನೇ ತಿದ್ದಿ ಹುಡುಕುತ್ತದೆ. ಹುಡುಕುವ ಪದವೇ ಡೊಮೈನ್ ಆಗಿದ್ದರೆ ಮೇಲೆ ಕೂರಿಸುವ ಅಭ್ಯಾಸವನ್ನೂ 2012ರಲ್ಲೇ ತಗ್ಗಿಸಿದೆ.

ಕೊಳ್ಳುವುದೇ ಆದರೆ ಒಂದು ಕೆಲಸ ಮಾಡಿ. ಭಾರತದ ಟ್ರೇಡ್‌ಮಾರ್ಕ್ ಕಚೇರಿಯ ಸೈಟಲ್ಲಿ ಉಚಿತ ಹುಡುಕಾಟ ಇದೆ. ಅದರಲ್ಲಿ ಉಚ್ಚಾರದ ಮೇಲೆ ಹುಡುಕುವ ಆಯ್ಕೆಯೂ ಇದೆ. ಅದನ್ನೇ ಬಳಸಿ. ನಮ್ಮ ಕೋರ್ಟುಗಳು ಹೆಸರನ್ನು ಕಣ್ಣಿಂದ ಮಾತ್ರ ನೋಡುವುದಿಲ್ಲ, ಕಿವಿಯಿಂದಲೂ ಕೇಳುತ್ತವೆ. ಸಾಮಾನ್ಯ ಪದ ಅಂದುಕೊಂಡದ್ದು ಯಾರದೋ ಬ್ರಾಂಡ್ ಆಗಿರುವುದು ಅಪರೂಪವೇನಲ್ಲ.

ನಮ್ಮದೇ ಹೆಸರು: ದುಡ್ಡು ಹಾಕಬೇಕಾದ್ದು ಇಲ್ಲಿ

ಕನ್ನಡದ ಹೆಸರನ್ನು ಇಂಗ್ಲಿಷಲ್ಲಿ ಬರೆಯಲು ಒಂದು ನಿಯಮ ಅಂತ ಇಲ್ಲ. ಆದ್ದರಿಂದ ಈ ತಲೆನೋವು ನಮಗೆ ಬೇರೆಯವರಿಗಿಂತ ಜಾಸ್ತಿ. ಅಮೆರಿಕದ ಕಂಪನಿಗೆ ಇರುವುದು ಟೈಪಿಂಗ್ ತಪ್ಪಿನ ಚಿಂತೆ. ನಮ್ಮಲ್ಲಿ ತಪ್ಪೇ ಮಾಡದೆ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ.

‘ಶ್ರೀ ಲಕ್ಷ್ಮಿ ತಿಂಡಿ’ ಅಂತ ಒಂದು ಹೋಟೆಲ್ ಇದೆ ಅಂದುಕೊಳ್ಳಿ. ಶ್ರೀ ಬರೆಯಲು ಮೂರು ದಾರಿ: ಎಚ್ ಇಲ್ಲದೆ, ಎಚ್ ಹಾಕಿ, ಎಚ್ ಜೊತೆ ಕೊನೆಗೆ ಎರಡು ಇ ಹಾಕಿ. ಲಕ್ಷ್ಮಿಗೆ ಕೆಎಸ್‌ಎಚ್ ಹಾಕುವವರು ಒಬ್ಬರು, ಎಕ್ಸ್ ಹಾಕುವವರು ಇನ್ನೊಬ್ಬರು. ತಿಂಡಿಗೆ ನಾವು ಟಿ ಪಕ್ಕ ಎಚ್ ಹಾಕುತ್ತೇವೆ, ಉತ್ತರದಿಂದ ಬಂದವರು ಬರೀ ಟಿ. ಇಷ್ಟಕ್ಕೇ 12 ಹೆಸರಾಯಿತು. ಡಾಟ್ ಕಾಮ್, ಡಾಟ್ ಇನ್ ಎರಡೂ ಅಂದರೆ 24. ಒಂದಕ್ಕೆ 900 ಅಂದರೂ ವರ್ಷಕ್ಕೆ 21,600 ರೂಪಾಯಿ. ಇಡ್ಲಿ ಮಾರಿ ಇಷ್ಟು ಕಟ್ಟಬೇಕಾ? ಬೇಡ. 24ರಲ್ಲಿ 3 ಅಥವಾ 4 ಸಾಕು. ಯಾವ ಮೂರು ಅಂತ ಹೇಳುವುದು ಗಿರಾಕಿಗಳ ಬೆರಳು.

ಕ್ಯಾಷ್ ಕೌಂಟರ್ ಹತ್ತಿರ ನಿಂತು ಹತ್ತು ಜನಕ್ಕೆ ಫೋನ್ ಕೊಟ್ಟು ‘ನಮ್ಮ ಹೋಟೆಲ್ ಹೆಸರು ಟೈಪ್ ಮಾಡಿ ನೋಡೋಣ’ ಅನ್ನಿ. ಬೋರ್ಡ್ ಕಾಣದ ಜಾಗದಲ್ಲಿ ನಿಲ್ಲಿಸಿ ಕೇಳಿ, ಇಲ್ಲದಿದ್ದರೆ ನೋಡಿ ಬರೆಯುತ್ತಾರೆ. ಹೆಚ್ಚು ಜನ ಬರೆದ ಎರಡು ಮೂರು ರೂಪಗಳೇ ನೀವು ಕೊಳ್ಳಬೇಕಾದವು. ಸೈಟ್ ಈಗಾಗಲೇ ಇದ್ದರೆ ಇನ್ನೂ ಸುಲಭ. ಗೂಗಲ್‌ನ ಸರ್ಚ್ ಕನ್ಸೋಲಲ್ಲಿ ಜನ ನಿಮ್ಮನ್ನು ಯಾವ ಯಾವ ಸ್ಪೆಲ್ಲಿಂಗಲ್ಲಿ ಹುಡುಕಿದರು ಅಂತ ಪಟ್ಟಿಯೇ ಸಿಗುತ್ತದೆ, ಉಚಿತವಾಗಿ.

ಕೊಂಡ ಹೆಸರುಗಳನ್ನೆಲ್ಲ ಮೂಲ ಸೈಟಿಗೆ 301 ರೀಡೈರೆಕ್ಟ್ ಮಾಡಿಸಿ, ಅಂದರೆ ಅಲ್ಲಿಗೆ ಬಂದವರು ತಾನಾಗಿ ಮೂಲ ಸೈಟಿಗೆ ಹೋಗುವ ಹಾಗೆ. ಅದೇ ಸೈಟನ್ನು ಮೂರು ಕಡೆ ನಕಲು ಮಾಡಿ ಇಡಬೇಡಿ.

ಕ್ಯೂಆರ್ ಕೋಡ್, ಗೂಗಲ್ ಮ್ಯಾಪ್, ಇನ್‌ಸ್ಟಾಗ್ರಾಂ ಮೂಲಕವೇ ಗಿರಾಕಿ ಬರುವ ಅಂಗಡಿಗೆ ಇದೂ ಅಷ್ಟಾಗಿ ಬೇಕಿಲ್ಲ, ನಿಜ ಹೇಳಬೇಕು. ಹೆಸರನ್ನು ಬಾಯಲ್ಲಿ ಹೇಳಿ ವ್ಯಾಪಾರ ಮಾಡುವವರಿಗೆ ಬೇಕು. ಎಫ್‌ಎಂ ಜಾಹೀರಾತು ಕೊಡುವವರು, ಫೋನಲ್ಲಿ ವಿಳಾಸ ಹೇಳುವವರು, ಆಟೋ ಹಿಂದೆ ಸ್ಟಿಕರ್ ಅಂಟಿಸುವವರು. ಎಲ್ಲರಿಗಿಂತ ಹೆಚ್ಚಾಗಿ ಇಮೇಲಲ್ಲಿ ಬಿಲ್ಲು, ಕಡತ ಕಳಿಸುವವರಿಗೆ ಬೇಕು. ಲೆಕ್ಕಪರಿಶೋಧಕರು, ವಕೀಲರು, ಲ್ಯಾಬ್‌ಗಳು. ತಪ್ಪು ವಿಳಾಸಕ್ಕೆ ಹೋದ ಇಮೇಲ್ ಬೇರೆಯವರ ಕೈಗೆ ಬೀಳುತ್ತದೆ. 2011ರಲ್ಲಿ ಇಬ್ಬರು ಭದ್ರತಾ ಸಂಶೋಧಕರು ದೊಡ್ಡ ಕಂಪನಿಗಳ ವಿಳಾಸದಲ್ಲಿ ಒಂದು ಚುಕ್ಕೆ ಬಿಟ್ಟ ಹೆಸರುಗಳನ್ನು ಕೊಂಡು ಸುಮ್ಮನೆ ಕಾದರು. ಆರು ತಿಂಗಳಲ್ಲಿ 1,20,000 ಇಮೇಲ್ ತಾವಾಗಿ ಬಂದು ಬಿದ್ದವು.

ಇಲ್ಲಿ ಇನ್ನೊಂದು ಹೋಲಿಕೆಯನ್ನೂ ಮಾಡಲೇಬೇಕು. ಹತ್ತು ಡೊಮೈನ್ ಕೊಂಡು ಬಚಾವಾಗುವುದೋ, ಒಂದು ಟ್ರೇಡ್‌ಮಾರ್ಕ್ ಮಾಡಿಸುವುದೋ? ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗದ ವಸ್ತು ಅಥವಾ ಸೇವೆಗೆ ಸರ್ಕಾರಿ ಶುಲ್ಕ 4,500 ರೂಪಾಯಿ. ಸಿಕ್ಕರೆ 10 ವರ್ಷ ನಡೆಯುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ, ಆದರೆ ನೀವು ಹೋಗಬೇಕಿಲ್ಲ. ನನ್ನ ಸಲಹೆ ಕೇಳಿದರೆ ಮೊದಲು ಇದು, ಆಮೇಲೆ ಎರಡು ಮೂರು ಡೊಮೈನ್. ಸಾಧ್ಯವಿರುವ ಎಲ್ಲ ತಪ್ಪುಗಳನ್ನೂ ಕೊಂಡು ಮುಗಿಸಲಾಗುವುದಿಲ್ಲ. ಟ್ರೇಡ್‌ಮಾರ್ಕ್ ಇದ್ದರೆ ಮಾತ್ರ ನೀವು ಕೊಳ್ಳದೆ ಬಿಟ್ಟ ಹೆಸರನ್ನು ಯಾರಾದರೂ ಹಿಡಿದಾಗ ದೂರು ಕೊಡಲು ಕೈಯಲ್ಲಿ ಗಟ್ಟಿ ಕಾಗದ ಇರುತ್ತದೆ.

ಟೀಕೆ ಮಾಡಲು ಕೊಂಡರೆ?

ಅಮೆರಿಕದ ಧರ್ಮಪ್ರಚಾರಕ ಜೆರ್ರಿ ಫಾಲ್ವೆಲ್ ಹೆಸರಿಗೆ ಇನ್ನೊಂದು ಎಲ್ ಸೇರಿಸಿ ಒಬ್ಬರು ಟೀಕೆಯ ಸೈಟ್ ನಡೆಸಿದ್ದರು. ಅದು ದುಡ್ಡಿಗಾಗಿ ಮಾಡಿದ್ದಲ್ಲ ಅಂತ 2005ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಬಿಟ್ಟಿತು. ಇದನ್ನು ನಂಬಿ ಇಲ್ಲಿ ಧೈರ್ಯ ಮಾಡಬೇಡಿ. ಟೀಕೆ ಮಾಡಲು ತಪ್ಪು ಸ್ಪೆಲ್ಲಿಂಗ್ ಯಾಕೆ, ಬೇರೆ ಹೆಸರಲ್ಲೇ ಬರೆಯಬಹುದು. ಅದೇ ಪುಟದಲ್ಲಿ ಒಂದು ಜಾಹೀರಾತು ಹಾಕಿದರೂ ಟೀಕೆ ಅನ್ನುವ ವಾದ ಸಡಿಲ ಆಗುತ್ತದೆ.

ಈಗಾಗಲೇ ಕೊಂಡಿದ್ದರೆ

ಇಂದೇ ಪಾರ್ಕಿಂಗ್ ಜಾಹೀರಾತು ತೆಗೆಸಿ. ಆ ಹೆಸರಿಗೆ ಬರುವ ಇಮೇಲ್ ಹಿಡಿಯುವ ವ್ಯವಸ್ಥೆ ಇದ್ದರೆ ಅದನ್ನೂ ನಿಲ್ಲಿಸಿ. ರಿನ್ಯೂವಲ್ ತಾನಾಗಿ ಆಗುವಂತಿದ್ದರೆ ಆಫ್ ಮಾಡಿ.

ಕಂಪನಿಯಿಂದ ಪತ್ರ ಬಂದರೆ ಬಹಳ ಜನ ಮೊದಲು ಮಾಡುವ ಕೆಲಸ ‘ಎಷ್ಟು ಕೊಡ್ತೀರಿ’ ಅಂತ ಕೇಳುವುದು. ಇದೊಂದನ್ನು ಮಾತ್ರ ಮಾಡಬೇಡಿ. ಖರ್ಚಾದದ್ದಕ್ಕಿಂತ ಹೆಚ್ಚಿಗೆ ಮಾರುವ ಉದ್ದೇಶದಿಂದ ಕೊಂಡದ್ದು ಕೆಟ್ಟ ಉದ್ದೇಶಕ್ಕೆ ಸಾಕ್ಷಿ ಅಂತ ಯುಡಿಆರ್‌ಪಿ ನಿಯಮದಲ್ಲೇ ಬರೆದಿದೆ. ನಿಮ್ಮ ಆ ಒಂದು ಸಾಲಿನ ಇಮೇಲೇ ಅವರ ದೂರಿನ ಜೊತೆ ಲಗತ್ತಾಗುತ್ತದೆ. ದೂರು ದಾಖಲಾದ ಮೇಲೆ ಹೆಸರನ್ನು ಬೇರೆಯವರಿಗೆ ದಾಟಿಸಲೂ ಆಗುವುದಿಲ್ಲ, ರಿಜಿಸ್ಟ್ರಾರ್ ಬೀಗ ಹಾಕಿರುತ್ತಾರೆ. ಉತ್ತರ ಕೊಡಲು ಸಿಗುವುದು 20 ದಿನ. ನಂದಿನಿ ಹೋಟೆಲ್‌ನವರ ಹಾಗೆ ಆ ಹೆಸರಲ್ಲಿ ನಿಮ್ಮದೇ ವ್ಯಾಪಾರ ಮೊದಲಿಂದ ಇದ್ದರೆ ಬೋರ್ಡಿನ ಫೋಟೊ, ಹಳೇ ಬಿಲ್ಲು, ಲೈಸೆನ್ಸ್ ಎಲ್ಲ ಜೋಡಿಸಿಕೊಂಡು ಟ್ರೇಡ್‌ಮಾರ್ಕ್ ವಕೀಲರ ಬಳಿ ಹೋಗಿ. ಇಲ್ಲದಿದ್ದರೆ ಹೆಸರು ಬಿಟ್ಟುಕೊಡುತ್ತೇನೆ ಅಂತ ಎರಡು ಸಾಲು ಬರೆದು, ವರ್ಗಾವಣೆಗೆ ಬೇಕಾದ ಕೋಡ್ ಕಳಿಸಿ ಮುಗಿಸಿ.